ಹದಿಮೂರನೇ ನಂಬರಿನ ಜನರಲ್

ದ್ರೋಹದ ಮಾತು ಬಂದಾಗಲೆಲ್ಲ ನಮ್ಮ ನಾಡಿನಲ್ಲಿ ಮೀರ್ ಸಾದಿಕನ ಹೆಸರು ತಾನಾಗಿಯೇ ನಾಲಿಗೆಗೆ ಬರುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಹೆಸರು ಒಂದು ಬೈಗುಳವೇ ಆಗಿಹೋಯಿತು. ಇದೇ ಪ್ರಶ್ನೆಯನ್ನು ಅಮೆರಿಕದವರಿಗೆ ಕೇಳಿದರೆ ಬೆನೆಡಿಕ್ಟ್ ಅರ್ನಾಲ್ಡ್ ಎನ್ನುತ್ತಾರೆ. ಈತ ಅಮೆರಿಕದ ಸ್ವಾತಂತ್ರ್ಯ ಸಮರದ ನಡುವೆ, 1780ರಲ್ಲಿ, ತನ್ನ ಕೈಯಲ್ಲಿದ್ದ ವೆಸ್ಟ್ ಪಾಯಿಂಟ್ ಕೋಟೆಯನ್ನು ಬ್ರಿಟಿಷರಿಗೆ ಒಪ್ಪಿಸಲು ಹೊರಟು, ಸಂಚು ಬಯಲಾದಾಗ ಶತ್ರುಪಾಳಯಕ್ಕೆ ಓಡಿಹೋದ. ಅಲ್ಲಿನ ಶಾಲಾ ಮಕ್ಕಳಿಗೂ ಈ ಹೆಸರು ಗೊತ್ತು.

ಆದರೆ ಇದೇ ಅರ್ನಾಲ್ಡನ ಕೈಕೆಳಗೆ ಕೆಲಕಾಲ ಕೆಲಸ ಮಾಡಿದ್ದ ಇನ್ನೊಬ್ಬ ತರುಣ ಅಧಿಕಾರಿ ಮುಂದೆ ಅಮೆರಿಕದ ಇಡೀ ಸೈನ್ಯದ ಹಿರಿಯ ದಂಡನಾಯಕನಾದ. ವರ್ಷಗಟ್ಟಲೆ ಪರರಾಷ್ಟ್ರದ ಹಣ ತಿಂದ. ನಾಲ್ವರು ಅಧ್ಯಕ್ಷರ ಕಾಲದಲ್ಲಿ ಸಮವಸ್ತ್ರ ತೊಟ್ಟು ಮೆರೆದ. ವಿಚಾರಣೆಗಳು ನಡೆದರೂ ಒಂದರಲ್ಲೂ ಸಿಕ್ಕಿಬೀಳಲಿಲ್ಲ. ಕೊನೆಗೆ ಹಾಸಿಗೆಯ ಮೇಲೆ ಸತ್ತ. ಅವನ ಹೆಸರು ಜೇಮ್ಸ್ ವಿಲ್ಕಿನ್ಸನ್. ಇವನನ್ನು ಇಂದು ಅಮೆರಿಕದಲ್ಲೇ ಬಲ್ಲವರು ಕಡಿಮೆ. ಹಾಗಿರುವಾಗ ನಮಗೇಕೆ ಈ ಕಥೆ ಎಂದು ನೀವು ಕೇಳಬಹುದು. ಐತಿಹಾಸಿಕ ಕಾದಂಬರಿಗಳನ್ನು ಇಷ್ಟಪಟ್ಟು ಓದುವ, ಓದಿದ್ದನ್ನೇ ಇತಿಹಾಸವೆಂದು ನಂಬಿಬಿಡುವ ನನ್ನಂಥವರಿಗೆ ಈ ಮನುಷ್ಯನ ಬದುಕಿನಲ್ಲಿ ಕಲಿಯುವುದು ಸಾಕಷ್ಟಿದೆ. ಅಲ್ಲದೆ ಆ ಕಾಲದ ಅಮೆರಿಕ ನಾವಂದುಕೊಂಡಷ್ಟು ನಮಗೆ ದೂರದ್ದೂ ಅಲ್ಲ. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಅಮೆರಿಕನ್ನರಿಗೆ ಶರಣಾದ ಕಾರ್ನ್‌ವಾಲಿಸನೇ 1792ರಲ್ಲಿ ಟಿಪ್ಪು ಸುಲ್ತಾನರಿಂದ ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನೂ ಒತ್ತೆಯಾಗಿ ಪಡೆದವನು. 1782ರಲ್ಲಿ ಪೆನ್ಸಿಲ್ವೇನಿಯಾದವರು ಬ್ರಿಟಿಷರ ವಿರುದ್ಧ ಕಡಲಿಗಿಳಿಸಿದ ಒಂದು ಹಡಗಿನ ಹೆಸರೇ ‘ಹೈದರ್ ಅಲಿ’!

ವಿಲ್ಕಿನ್ಸನ್ ಹುಟ್ಟಿದ್ದು 1757ರಲ್ಲಿ, ಮೇರಿಲ್ಯಾಂಡಿನಲ್ಲಿ. ವೈದ್ಯನಾಗಲು ಕಲಿತವನು ಯುದ್ಧ ಶುರುವಾಗುತ್ತಲೇ ಸೈನ್ಯ ಸೇರಿದ. ರೂಪವಂತ, ಮಾತುಗಾರ, ಮೇಲಿನವರನ್ನು ಹೊಗಳಿ ಒಲಿಸಿಕೊಳ್ಳುವುದರಲ್ಲಿ ನಿಸ್ಸೀಮ. 1777ರ ಅಕ್ಟೋಬರಿನಲ್ಲಿ ಸಾರಟೋಗದಲ್ಲಿ ಬ್ರಿಟಿಷ್ ಸೈನ್ಯ ಜನರಲ್ ಗೇಟ್ಸ್‌ಗೆ ಶರಣಾದಾಗ, ಆ ಶುಭವಾರ್ತೆಯನ್ನು ಕಾಂಗ್ರೆಸ್ಸಿಗೆ ತಲುಪಿಸುವ ಗೌರವ ಇವನ ಪಾಲಿಗೆ ಬಂತು. ಕುದುರೆಯ ಮೇಲೆ ಹೊರಟ ಪುಣ್ಯಾತ್ಮ ದಾರಿಯಲ್ಲಿ ತನ್ನ ಮೆಚ್ಚಿನ ಹುಡುಗಿಯ ಊರಿನಲ್ಲಿ ತಂಗಿ, ಅಲ್ಲಿ ಇಲ್ಲಿ ಹರಟಿ, ಸುದ್ದಿ ಹಳಸಿದ ಮೇಲೆ ತಲುಪಿದ. ಇವನಿಗೆ ಉಡುಗೊರೆಯಾಗಿ ಕುದುರೆ ತಿವಿಯುವ ಒಂದು ಜೊತೆ ಮುಳ್ಳು ಕೊಡಿ ಎಂದು ಸದಸ್ಯರೊಬ್ಬರು ಕುಟುಕಿದರಂತೆ. ಆದರೂ ಸಿಕ್ಕಿದ್ದು ಬ್ರಿಗೇಡಿಯರ್ ಜನರಲ್ ಪದವಿ. ಆಗ ಅವನ ವಯಸ್ಸು ಇಪ್ಪತ್ತು! ಹಾದಿಯಲ್ಲಿ ಹರಟುವಾಗ ಬಾಯಿಬಿಟ್ಟ ಒಂದು ಗುಟ್ಟಿನಿಂದ ಗೇಟ್ಸ್ ಮತ್ತು ವಾಷಿಂಗ್ಟನ್ ನಡುವೆ ದೊಡ್ಡ ಬಿರುಕೇ ಉಂಟಾಯಿತು. ಮುಂದೆ ಸೈನ್ಯಕ್ಕೆ ಬಟ್ಟೆಬರೆ ಒದಗಿಸುವ ಹುದ್ದೆ ದೊರೆಯಿತು. ಲೆಕ್ಕ ಸರಿಯಿಲ್ಲವೆಂದು ಗದ್ದಲವಾಗಿ 1781ರಲ್ಲಿ ಅದನ್ನೂ ಬಿಟ್ಟ.

ಯುದ್ಧ ಮುಗಿದ ಮೇಲೆ ಅವನು ಅಪಲೇಚಿಯನ್ ಬೆಟ್ಟಗಳನ್ನು ದಾಟಿ ಕೆಂಟಕಿಗೆ ಹೋದ. ನಿಜವಾದ ಕಥೆ ಆರಂಭವಾಗುವುದು ಇಲ್ಲಿಂದ. ಅದಕ್ಕೆ ಆ ನೆಲದ ಸ್ಥಿತಿಯನ್ನು ಸ್ವಲ್ಪ ಅರಿಯಬೇಕು. ಕೆಂಟಕಿಯ ರೈತ ಬೆಳೆದ ಹೊಗೆಸೊಪ್ಪು, ಹಿಟ್ಟು, ಉಪ್ಪು ಹಚ್ಚಿದ ಮಾಂಸ ಬೆಟ್ಟ ಹತ್ತಿ ಪೂರ್ವದ ಪಟ್ಟಣಗಳಿಗೆ ಹೋಗುವಂತಿರಲಿಲ್ಲ. ಸಾಗಾಟದ ಖರ್ಚೇ ಸರಕಿನ ಬೆಲೆಯನ್ನು ನುಂಗಿಹಾಕುತ್ತಿತ್ತು. ಉಳಿದ ದಾರಿ ಒಂದೇ, ಮಿಸಿಸಿಪ್ಪಿ ನದಿ. ಆ ನದಿಯ ಬಾಯಲ್ಲಿರುವ ನ್ಯೂ ಆರ್ಲಿಯನ್ಸ್ ಆಗ ಸ್ಪೇನಿನ ವಶದಲ್ಲಿತ್ತು. 1784ರಲ್ಲಿ ಸ್ಪೇನ್ ಅಮೆರಿಕನ್ನರಿಗೆ ನದಿಯ ದಾರಿಯನ್ನೇ ಮುಚ್ಚಿತು. ದೂರದ ಕಾಂಗ್ರೆಸ್ಸು ಇದಕ್ಕೇನೂ ಮಾಡದಿದ್ದಾಗ, ನಮಗೆ ಈ ಒಕ್ಕೂಟದಿಂದ ಏನು ಲಾಭ ಎಂದು ಬೆಟ್ಟದಾಚೆಯ ಜನ ಗೊಣಗತೊಡಗಿದರು. ಆ ಗೊಣಗಾಟ ಸುಳ್ಳಿನದಾಗಿರಲಿಲ್ಲ. ಅದನ್ನು ಮಾರಾಟದ ಸರಕು ಮಾಡಿಕೊಂಡದ್ದೇ ವಿಲ್ಕಿನ್ಸನ್‌ನ ಜಾಣತನ.

1787ರಲ್ಲಿ ಅವನು ದೋಣಿಗಳಲ್ಲಿ ಸರಕು ತುಂಬಿಕೊಂಡು ನ್ಯೂ ಆರ್ಲಿಯನ್ಸಿಗೆ ಇಳಿದ. ಗವರ್ನರ್ ಎಸ್ತೆಬಾನ್ ಮಿರೋ ಎದುರು ಕೂತು, ಕೆಂಟಕಿಯನ್ನು ಒಕ್ಕೂಟದಿಂದ ಒಡೆದು ಸ್ಪೇನಿನ ಕಡೆಗೆ ವಾಲಿಸುವೆನೆಂದು ಮಾತುಕೊಟ್ಟ. ಸ್ಪೇನಿನ ದೊರೆಗೆ ನಿಷ್ಠೆ ತೋರುವ ಪತ್ರವನ್ನೂ ಬರೆದುಕೊಟ್ಟ. ಪ್ರತಿಯಾಗಿ ಅವನ ಸರಕಿಗೆ ಮಾರುಕಟ್ಟೆ ತೆರೆಯಿತು, ಮುಂದೆ ವರ್ಷಕ್ಕೆ 2,000 ಡಾಲರಿನ ಪಿಂಚಣಿಯೂ ಗೊತ್ತಾಯಿತು. ಸ್ಪೇನಿನ ಗುಪ್ತ ಕಡತಗಳಲ್ಲಿ ಅವನ ಹೆಸರಿಗೆ ಬದಲಾಗಿ ಒಂದು ಸಂಖ್ಯೆ ಕಾಣಿಸಿಕೊಂಡಿತು: 13.

ಕೆಂಟಕಿ ಒಡೆಯಲಿಲ್ಲ. 1792ರಲ್ಲಿ ಅದು ಒಕ್ಕೂಟದ ರಾಜ್ಯವೇ ಆಯಿತು. ವ್ಯಾಪಾರದಲ್ಲಿ ಸಾಲಗಾರನಾದ ವಿಲ್ಕಿನ್ಸನ್ 1791ರಲ್ಲೇ ಮತ್ತೆ ಸೈನ್ಯ ಸೇರಿದ್ದ. ಸ್ಪೇನಿನ ಸಂಬಳಗಾರನೊಬ್ಬ ಹೀಗೆ ಅಮೆರಿಕದ ಸೈನ್ಯದೊಳಗೇ ಬಂದು ಕುಳಿತ. ಅವನ ಮೇಲಿನ ಅಧಿಕಾರಿ ಆಂಟನಿ ವೇಯ್ನ್ ಕಟ್ಟುನಿಟ್ಟಿನ ಮನುಷ್ಯ. ಅವರ ಬಗ್ಗೆ ಹಿಂದಿನಿಂದ ದೂರು ಬರೆಯುವುದೇ ವಿಲ್ಕಿನ್ಸನ್‌ನ ನಿತ್ಯದ ಉದ್ಯೋಗವಾಯಿತು. ಅತ್ತ ಸ್ಪೇನಿನ ಬೆಳ್ಳಿ ನದಿಯ ಮೇಲೆ ಬರುತ್ತಿತ್ತು. 1794ರಲ್ಲಿ 6,000 ಡಾಲರು ತರುತ್ತಿದ್ದ ಹೆನ್ರಿ ಓವೆನ್ ಎಂಬವನನ್ನು ದೋಣಿಯವರೇ ಕೊಂದು ಹಣ ದೋಚಿದರು. ಮುಂದಿನ ಹಣವನ್ನು ಸಕ್ಕರೆ, ಕಾಫಿಯ ಸರಕಿನೊಳಗೆ ಬಚ್ಚಿಟ್ಟು ತರಲಾಯಿತು. ವೇಯ್ನ್‌ರಿಗೆ ಸುಳಿವು ಸಿಕ್ಕಿತ್ತು. ಆದರೆ ಸಾಕ್ಷಿ ಕೈಗೆ ಬರುವ ಮೊದಲೇ, 1796ರ ಡಿಸೆಂಬರಿನಲ್ಲಿ, ಅವರು ಕಾಯಿಲೆಯಿಂದ ತೀರಿಕೊಂಡರು. ಅವರ ಜಾಗಕ್ಕೆ, ಅಂದರೆ ಸೈನ್ಯದ ಅತಿ ಹಿರಿಯ ಸ್ಥಾನಕ್ಕೆ, ಬಂದವನು ಯಾರೆಂದು ಹೇಳಬೇಕಾಗಿಲ್ಲ.

ವಿದ್ಯಾರ್ಥಿ ಮಿತ್ರರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಅಧ್ಯಕ್ಷರಿಗೆ ಇದೊಂದೂ ಗೊತ್ತಿರಲಿಲ್ಲವೇ? ಗುಮಾನಿ ಎಲ್ಲರಿಗೂ ಇತ್ತು. 1798ರಲ್ಲಿ ಗಡಿ ಅಳೆಯಲು ಹೋಗಿದ್ದ ಆಂಡ್ರ್ಯೂ ಎಲಿಕಾಟ್ ಎಂಬ ಪ್ರಾಮಾಣಿಕ ಮೋಜಣಿದಾರ ತಾನು ಕಂಡುಕೊಂಡದ್ದನ್ನು ರಾಜಧಾನಿಗೆ ಬರೆದು ತಿಳಿಸಿದ. ಅಧ್ಯಕ್ಷ ಆಡಮ್ಸ್ ತಮ್ಮ ಜನರಲ್‌ನನ್ನು ನಂಬುವುದಾಗಿ ಹೇಳಿದರು. ಮರುವರ್ಷ ಹ್ಯಾಮಿಲ್ಟನ್ ಮತ್ತು ವಾಷಿಂಗ್ಟನ್ ನಡುವೆ ಇವನಿಗೆ ಬಡ್ತಿ ಕೊಡುವ ಬಗ್ಗೆ ಪತ್ರ ವ್ಯವಹಾರ ನಡೆಯಿತು. ಅದರ ಧಾಟಿ ಹೀಗಿತ್ತು: ಇವನು ಮಹತ್ವಾಕಾಂಕ್ಷಿ, ಅತೃಪ್ತನಾಗಿ ಬಿಟ್ಟರೆ ಅಪಾಯ, ಮೇಲಕ್ಕೆ ಏರಿಸಿದರೆ ನಿಷ್ಠನಾಗಿರುತ್ತಾನೆ. ತೋಳ ಹಸಿದಿದ್ದರೆ ಕುರಿ ಹಿಡಿಯುತ್ತದೆ, ಆದ್ದರಿಂದ ಅದಕ್ಕೆ ಹಟ್ಟಿಯ ಯಜಮಾನಿಕೆಯನ್ನೇ ಕೊಡೋಣ ಎಂದಂತೆ! 1801ರಲ್ಲಿ ಬಂದ ಜೆಫರ್ಸನ್‌ರ ಲೆಕ್ಕ ಬೇರೆ. ಸೈನ್ಯದ ಅಧಿಕಾರಿಗಳಲ್ಲಿ ಬಹುಮಂದಿ ಅವರ ವಿರೋಧಿ ಪಕ್ಷದವರು. ಪಕ್ಷವಿಲ್ಲದ, ಯಾರು ಬಂದರೂ ಸಲಾಮು ಹೊಡೆಯುವ ದಂಡನಾಯಕನೊಬ್ಬ ಅವರಿಗೆ ಬೇಕಾಗಿತ್ತು.

ಆ ವರ್ಷವೇ ವಿಲ್ಕಿನ್ಸನ್ ಒಂದು ವಿಚಿತ್ರ ಆಜ್ಞೆ ಹೊರಡಿಸಿದ. ಸೈನಿಕರೆಲ್ಲ ತಲೆಯ ಹಿಂದೆ ಬಿಡುತ್ತಿದ್ದ ಜಡೆಯನ್ನು ಕತ್ತರಿಸಬೇಕು. ಜಡೆ ಹಳೆಯ ಸಿರಿವಂತಿಕೆಯ ಗುರುತು, ಹೊಸ ಸರಕಾರಕ್ಕೆ ಅದು ಒಗ್ಗದು. ಸ್ವಾತಂತ್ರ್ಯ ಸಮರದಲ್ಲಿ ಹೋರಾಡಿದ್ದ ಕರ್ನಲ್ ಥಾಮಸ್ ಬಟ್ಲರ್ ಕತ್ತರಿಸಲು ಒಪ್ಪಲಿಲ್ಲ. ಎರಡು ಬಾರಿ ಕೋರ್ಟ್ ಮಾರ್ಷಲ್ ಎದುರಿಸಿದ ಆ ವೃದ್ಧ 1805ರಲ್ಲಿ ಹಳದಿ ಜ್ವರದಿಂದ ಸತ್ತ. ಶವಪೆಟ್ಟಿಗೆಗೆ ತೂತು ಕೊರೆದು ಜಡೆಯನ್ನು ಹೊರಗೆ ಇಳಿಬಿಡಲಾಯಿತು ಎಂಬುದೊಂದು ದಂತಕಥೆ. ನಗು ಬರುವ ಸಂಗತಿಯೇ. ಆದರೆ ಜಡೆ ಕತ್ತರಿಸದವನಿಗೆ ಎರಡು ವಿಚಾರಣೆ ನಡೆಸಿದ ಸೈನ್ಯದ ಒಡೆಯನೇ ಅದೇ ಹೊತ್ತಿನಲ್ಲಿ ಏನು ಮಾಡುತ್ತಿದ್ದ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ.

1803ರ ಡಿಸೆಂಬರ್ 20ರಂದು ನ್ಯೂ ಆರ್ಲಿಯನ್ಸಿನಲ್ಲಿ ಫ್ರಾನ್ಸಿನಿಂದ ಲೂಸಿಯಾನಾ ಪ್ರದೇಶವನ್ನು ಅಮೆರಿಕದ ಪರವಾಗಿ ವಹಿಸಿಕೊಂಡ ಇಬ್ಬರಲ್ಲಿ ವಿಲ್ಕಿನ್ಸನ್ ಒಬ್ಬ. ಕೆಲವೇ ವಾರಗಳಲ್ಲಿ ಅವನು ಊರಲ್ಲಿನ್ನೂ ಉಳಿದಿದ್ದ ಸ್ಪೇನಿನ ಅಧಿಕಾರಿಗಳ ಮುಂದೆ ಹಳೆಯ ಪಿಂಚಣಿಯ ಬಾಕಿ ಕೇಳಿದ. 20,000 ಡಾಲರು ಕೇಳಿ 12,000 ಪಡೆದ. ಅದಕ್ಕೆ ಪ್ರತಿಯಾಗಿ ಸ್ಪೇನ್ ಏನೇನು ಮಾಡಬೇಕೆಂಬ ಸಲಹೆಗಳನ್ನು ಬರೆದುಕೊಟ್ಟ. ಅವುಗಳಲ್ಲೊಂದು, ಜೆಫರ್ಸನ್‌ರು ಪಶ್ಚಿಮ ಸಾಗರದತ್ತ ಕಳಿಸಿದ್ದ ಲೂಯಿಸ್ ಮತ್ತು ಕ್ಲಾರ್ಕ್ ತಂಡವನ್ನು ತಡೆಯಬೇಕು ಎಂಬುದು. ಸ್ಪೇನ್ ಆ ಮಾತನ್ನು ಕಡೆಗಣಿಸಲಿಲ್ಲ. 1804ರಿಂದ 1806ರ ನಡುವೆ ಸಾಂತಾ ಫೆಯಿಂದ ಒಂದಾದ ಮೇಲೊಂದರಂತೆ ಪಡೆಗಳು ಅವರನ್ನು ಹುಡುಕಿ ಹೊರಟವು. ಬಯಲು ವಿಶಾಲವಾಗಿತ್ತು, ತಂಡ ಸಿಗಲಿಲ್ಲ, ಅಷ್ಟೇ. ತನ್ನದೇ ಸೈನ್ಯದ ಇಬ್ಬರು ಅಧಿಕಾರಿಗಳನ್ನು ಹಿಡಿದುಕೊಡಲು ಸುಳಿವು ಮಾರಿದ ದಂಡನಾಯಕನನ್ನು ‘ಕಿಲಾಡಿ’ ಎಂದು ಕರೆದು ನಕ್ಕುಬಿಡುವುದು ನನಗೆ ಕಷ್ಟ.

ಆ ಮೇಲೆ ಬಂತು ಏರನ್ ಬರ್ ಪ್ರಕರಣ. ಬರ್ 1801ರಿಂದ 1805ರವರೆಗೆ ಅಮೆರಿಕದ ಉಪಾಧ್ಯಕ್ಷನಾಗಿದ್ದವನು. 1804ರಲ್ಲಿ ದ್ವಂದ್ವಯುದ್ಧದಲ್ಲಿ ಹ್ಯಾಮಿಲ್ಟನ್‌ರನ್ನು ಕೊಂದು ರಾಜಕೀಯ ಭವಿಷ್ಯ ಕಳೆದುಕೊಂಡಿದ್ದ. ಪಶ್ಚಿಮದಲ್ಲಿ ಜನ ಕೂಡಿಸಿ ಸ್ಪೇನಿನ ಮೆಕ್ಸಿಕೋ ಮೇಲೆ ದಂಡೆತ್ತುವುದೋ, ಬೆಟ್ಟದಾಚೆಯ ರಾಜ್ಯಗಳನ್ನೇ ಒಡೆಯುವುದೋ, ಅವನ ಯೋಜನೆ ಏನಿತ್ತೆಂಬುದು ಇತಿಹಾಸಕಾರರು ಇಂದಿಗೂ ಜಗಳಾಡುವ ವಿಷಯ. ವಿಲ್ಕಿನ್ಸನ್ ಅವನ ಆಪ್ತ ಪಾಲುದಾರ. 1806ರ ಜನವರಿಯಲ್ಲಿ ಕೆಂಟಕಿಯ ಸರಕಾರಿ ವಕೀಲ ಜೋಸೆಫ್ ಡೇವಿಸ್ ಇಬ್ಬರ ಬಗ್ಗೆಯೂ ಜೆಫರ್ಸನ್‌ರಿಗೆ ಎಚ್ಚರಿಕೆಯ ಪತ್ರ ಬರೆದರು. ಮುಂದೆ ಕೆಲಸ ಹೋದದ್ದು ಡೇವಿಸರದೇ.

ಅಕ್ಟೋಬರ್ 8ರಂದು ಬರ್‌ನ ಕಡೆಯವನೊಬ್ಬ ಗುಪ್ತ ಲಿಪಿಯ ಪತ್ರ ತಂದು ವಿಲ್ಕಿನ್ಸನ್‌ನ ಕೈಗಿತ್ತ. ಒಂದು ಚಿಕ್ಕ ಇಂಗ್ಲಿಷ್ ನಿಘಂಟಿನ ಪುಟ ಮತ್ತು ಸಾಲುಗಳ ಸಂಖ್ಯೆಯನ್ನು ಬಳಸಿ ಬರೆದ ಲಿಪಿ ಅದು. ವಿಲ್ಕಿನ್ಸನ್ ಸುಮಾರು ಎರಡು ವಾರ ತೂಗಿ ನೋಡಿದ. ಬರ್‌ನ ಹಡಗು ಮುಳುಗುವುದೆಂದು ಖಚಿತವಾದ ಮೇಲೆ ಅಧ್ಯಕ್ಷರಿಗೆ ದೂರು ಬರೆದ. ದೇಶ ಉಳಿಸಿದ ವೀರನ ಪೋಷಾಕು ತೊಟ್ಟು ನ್ಯೂ ಆರ್ಲಿಯನ್ಸಿಗೆ ಬಂದು, ಕಾನೂನನ್ನು ಬದಿಗೊತ್ತಿ, ನ್ಯಾಯಾಲಯಗಳ ಆದೇಶವನ್ನೂ ಲೆಕ್ಕಿಸದೆ ಜನರನ್ನು ಸೆರೆಹಿಡಿದ. ಅದೇ ಹೊತ್ತಿಗೆ ಮೆಕ್ಸಿಕೋದ ವೈಸ್‌ರಾಯ್ ಬಳಿಗೆ ತನ್ನ ಆಳನ್ನು ಕಳಿಸಿ, ನಿಮ್ಮನ್ನು ಬರ್‌ನಿಂದ ಕಾಪಾಡಿದ್ದೇನೆ, ಖರ್ಚಾಗಿದೆ, ಲಕ್ಷಕ್ಕೂ ಮೀರಿದ ಹಣ ಕೊಡಿ ಎಂದು ಕೇಳಿದ. ವೈಸ್‌ರಾಯ್ ಕೊಡಲಿಲ್ಲ. ಒಂದೇ ಸರಕಿಗೆ ಮೂರು ಕಡೆ ಬೆಲೆ ಕೇಳುವ ವ್ಯಾಪಾರಿಯನ್ನು ನಾನು ಬೇರೆಲ್ಲೂ ಓದಿಲ್ಲ!

1807ರಲ್ಲಿ ರಿಚ್ಮಂಡಿನಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಎದುರು ಬರ್‌ನ ವಿಚಾರಣೆ ನಡೆಯಿತು. ಮುಖ್ಯ ಸಾಕ್ಷಿ ವಿಲ್ಕಿನ್ಸನ್. ಪತ್ರದಲ್ಲಿ ತನ್ನನ್ನೇ ಸಿಕ್ಕಿಸುತ್ತಿದ್ದ ಆರಂಭದ ಮಾತುಗಳನ್ನು ಅಳಿಸಿದ್ದೇನೆಂದು ಅವನೇ ಒಪ್ಪಿಕೊಳ್ಳಬೇಕಾಯಿತು. ಗ್ರ್ಯಾಂಡ್ ಜೂರಿಯಲ್ಲಿ ಏಳು ಮಂದಿ ಇವನ ಮೇಲೂ ಆರೋಪ ಹೊರಿಸಬೇಕೆಂದರು, ಒಂಬತ್ತು ಮಂದಿ ಬೇಡವೆಂದರು. ಹೀಗೆ ಎರಡು ಮತಗಳ ಅಂತರದಲ್ಲಿ ಪಾರಾದ. ಬರ್ ಕೂಡ ಬಿಡುಗಡೆಯಾದ. ಇನ್ನೊಂದು ಸ್ವಾರಸ್ಯವಿದೆ. ಆ ಪ್ರಸಿದ್ಧ ಪತ್ರದ ಕೈಬರಹ ಬರ್‌ನದೇ ಅಲ್ಲ, ಅವನ ಸಂಗಡಿಗ ಜೋನಥನ್ ಡೇಟನ್‌ನದು ಎಂದು ಬರ್‌ನ ಕಾಗದಪತ್ರಗಳನ್ನು ಸಂಪಾದಿಸಿದ ವಿದ್ವಾಂಸರು ಇಪ್ಪತ್ತನೇ ಶತಮಾನದಲ್ಲಿ ತೀರ್ಮಾನಿಸಿದರು.

ಈಗ ಕಥೆಗಾರರ ಕಡೆಗೆ ಬರೋಣ. ಈ ಪ್ರಕರಣವನ್ನು ಹಿನ್ನೆಲೆಯಾಗಿಟ್ಟು ಎಡ್ವರ್ಡ್ ಎವರೆಟ್ ಹೇಲ್ 1863ರಲ್ಲಿ ‘ದಿ ಮ್ಯಾನ್ ವಿದೌಟ್ ಎ ಕಂಟ್ರಿ’ ಎಂಬ ಕಥೆ ಬರೆದರು. ಫಿಲಿಪ್ ನೋಲನ್ ಎಂಬ ತರುಣ ಅಧಿಕಾರಿ ಬರ್‌ನ ಮೋಡಿಗೆ ಸಿಕ್ಕಿ, ಮಿಸಿಸಿಪ್ಪಿ ದಡದ ಫೋರ್ಟ್ ಆಡಮ್ಸಿನಲ್ಲಿ ವಿಚಾರಣೆಗೆ ನಿಂತು, ಸಿಟ್ಟಿನಲ್ಲಿ ತನ್ನ ದೇಶವನ್ನು ಶಪಿಸಿ, ಅದರ ಹೆಸರೇ ಕಿವಿಗೆ ಬೀಳಬಾರದು ಎನ್ನುತ್ತಾನೆ. ನ್ಯಾಯಾಲಯ ಅದನ್ನೇ ಶಿಕ್ಷೆಯಾಗಿ ವಿಧಿಸುತ್ತದೆ. ಸಾಯುವವರೆಗೆ ಅವನನ್ನು ಹಡಗಿನಿಂದ ಹಡಗಿಗೆ ಸಾಗಿಸುತ್ತಾರೆ. ದೇಶದ ನೆಲ ಕಾಣುವಂತಿಲ್ಲ, ಸುದ್ದಿ ಕೇಳುವಂತಿಲ್ಲ. ಅಂತರ್ಯುದ್ಧದ ಕಾಲದಲ್ಲಿ ದೇಶಪ್ರೇಮ ಬಡಿದೆಬ್ಬಿಸಲು ಬರೆದ ಈ ಕಥೆಯನ್ನು ಓದಿ ಲಕ್ಷಾಂತರ ಜನ ಕಣ್ಣೀರಿಟ್ಟರು, ಬಹುಮಂದಿ ನಿಜವೆಂದೇ ನಂಬಿದರು. ನಾನೂ ಮೊದಲ ಬಾರಿ ಓದಿದಾಗ ನಂಬಿದವನೇ. ಬರ್ ಪ್ರಕರಣದಲ್ಲಿ ದೊಡ್ಡವರು ಪಾರಾದರೆಂದು ಕಥೆಯೇ ಅರ್ಧ ವಾಕ್ಯದಲ್ಲಿ ಒಪ್ಪಿಕೊಂಡು ಮುಂದೆ ಹೋಗುತ್ತದೆ. ಆ ಅರ್ಧ ವಾಕ್ಯ ನನ್ನ ಕಣ್ಣಿಗೆ ಬಿದ್ದದ್ದು ವರ್ಷಗಳ ಅನಂತರ.

ನಿಜವಾದ ಫಿಲಿಪ್ ನೋಲನ್ ಒಬ್ಬನಿದ್ದ. ಅವನು ವಿಲ್ಕಿನ್ಸನ್‌ನ ಆಶ್ರಯದಲ್ಲಿ ಬೆಳೆದವನು, ಟೆಕ್ಸಾಸಿನಿಂದ ಕಾಡುಕುದುರೆ ಹಿಡಿದು ಮಾರುತ್ತಿದ್ದವನು. 1801ರ ಮಾರ್ಚಿನಲ್ಲಿ ಸ್ಪೇನಿನ ಸೈನಿಕರು ಅವನನ್ನು ಟೆಕ್ಸಾಸಿನಲ್ಲಿ ಗುಂಡಿಟ್ಟು ಕೊಂದರು. ತನ್ನ ಕಥಾನಾಯಕನಿಗೆ ನಿಜ ಮನುಷ್ಯನ ಹೆಸರು ಬಂದುಬಿಟ್ಟಿದೆ ಎಂದರಿತ ಹೇಲ್, ಆ ನೋಲನ್‌ನ ಕುರಿತು 1876ರಲ್ಲಿ ಬೇರೊಂದು ಕಾದಂಬರಿ ಬರೆದರು. ಅದನ್ನು ಓದುವವರು ವಿರಳ.

ಇನ್ನೊಂದು, ಗೋರ್ ವಿಡಾಲ್ 1973ರಲ್ಲಿ ಬರೆದ ‘ಬರ್’. ಇಲ್ಲಿ ಮುದುಕನಾದ ಬರ್ ತನ್ನ ಕಥೆಯನ್ನು ಒಬ್ಬ ಕಾಲ್ಪನಿಕ ಗುಮಾಸ್ತನಿಗೆ ಹೇಳುತ್ತಾನೆ. ಬುದ್ಧಿವಂತ ಕಾದಂಬರಿ, ವಿಡಾಲ್ ದಾಖಲೆಗಳನ್ನು ಚೆನ್ನಾಗಿ ಓದಿದ್ದಾರೆ. ಆದರೆ ಹೇಳುವವನು ಬರ್ ಆದ್ದರಿಂದ ವಿಲ್ಕಿನ್ಸನ್ ನಮಗೆ ಕಾಣುವುದು ಗೆಳೆಯನಿಗೆ ಕೈಕೊಟ್ಟ ಲಂಪಟನಾಗಿ, ನಗೆಪಾಟಲಿನ ಪಾತ್ರವಾಗಿ. ಕಾದಂಬರಿಕಾರನಿಗೆ ಆ ಹಕ್ಕಿದೆ. ನನ್ನ ತಕರಾರು ಇಷ್ಟೇ: ಕಿಲಾಡಿ ಜನರಲ್‌ನ ಕಥೆ ಓದುವಾಗ ನಾವು ಅವನ ಎದುರಾಳಿಗಳನ್ನು ಮಾತ್ರ ಕಾಣುತ್ತೇವೆ, ಅವನ ಸೈನಿಕರನ್ನು ಕಾಣುವುದಿಲ್ಲ.

ಆ ಸೈನಿಕರನ್ನು ಕಾಣಬೇಕಾದರೆ 1809ರ ಬೇಸಿಗೆಗೆ ಹೋಗಬೇಕು. ನ್ಯೂ ಆರ್ಲಿಯನ್ಸಿನ ಕೆಳಗೆ ಟೆರ್ ಓ ಬಫ್ ಎಂಬ ಜೌಗು ನೆಲದಲ್ಲಿ ವಿಲ್ಕಿನ್ಸನ್ ಸುಮಾರು 2,000 ಸೈನಿಕರ ಶಿಬಿರ ಹೂಡಿದ. ಎತ್ತರದ, ಆರೋಗ್ಯಕರ ಜಾಗಕ್ಕೆ ಸೈನ್ಯವನ್ನು ಸಾಗಿಸಲು ಯುದ್ಧಖಾತೆಯ ಕಾರ್ಯದರ್ಶಿಯ ಆಜ್ಞೆ ಬಂದಿತ್ತು. ಅವನು ಕಾಲ ತಳ್ಳಿದ. ಮಳೆ, ಕೆಸರು, ಸೊಳ್ಳೆ, ಗುತ್ತಿಗೆದಾರ ಕೊಟ್ಟ ಹುಳು ಹಿಡಿದ ಹಿಟ್ಟು, ಜ್ವರ, ಭೇದಿ. ಶಿಬಿರ ಎದ್ದು ಸೈನ್ಯ ನದಿಯ ಮೇಲ್ಭಾಗಕ್ಕೆ ಸಾಗುವ ಹೊತ್ತಿಗೆ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಸತ್ತಿದ್ದರು ಇಲ್ಲವೇ ಓಡಿಹೋಗಿದ್ದರು. ಒಂದು ಗುಂಡೂ ಹಾರಿರಲಿಲ್ಲ. ಆ ಸೈನ್ಯದಲ್ಲಿದ್ದ ವಿನ್‌ಫೀಲ್ಡ್ ಸ್ಕಾಟ್ ಎಂಬ ತರುಣ ಕ್ಯಾಪ್ಟನ್ ತನ್ನ ಜನರಲ್ ದ್ರೋಹಿಯೆಂದು ಬಹಿರಂಗವಾಗಿ ಹೇಳಿದ. 1810ರಲ್ಲಿ ಕೋರ್ಟ್ ಮಾರ್ಷಲ್ ನಡೆದು ಒಂದು ವರ್ಷ ಅಮಾನತಾದವನು ಸ್ಕಾಟ್. ನಿಜ ಹೇಳಿದ್ದಕ್ಕೆ!

ಜನರಲ್‌ನ ಸರದಿಯೂ ಬಂತು. ಅವನ ಹಳೆಯ ಜೊತೆಗಾರ ಡೇನಿಯಲ್ ಕ್ಲಾರ್ಕ್ 1809ರಲ್ಲಿ ಸ್ಪೇನಿನ ಹಣದ ವಿವರಗಳನ್ನು ಪುಸ್ತಕವಾಗಿಯೇ ಅಚ್ಚು ಹಾಕಿಸಿದ್ದ. 1811ರಲ್ಲಿ ಕೋರ್ಟ್ ಮಾರ್ಷಲ್ ಕೂತಾಗ, ಅದೆಲ್ಲ ಹೊಗೆಸೊಪ್ಪು ವ್ಯಾಪಾರದ ಬಾಕಿ ಎಂದು ವಿಲ್ಕಿನ್ಸನ್ ವಾದಿಸಿದ. ಸುಳ್ಳೆಂದು ತೋರಿಸಬಲ್ಲ ಕಾಗದಗಳು ಸ್ಪೇನಿನವರ ಬಳಿ ಹವಾನಾದಲ್ಲಿದ್ದವು. ಡಿಸೆಂಬರ್ 25ರಂದು ಅವನು ನಿರ್ದೋಷಿ ಎಂದು ತೀರ್ಪಾಯಿತು. ಅಧ್ಯಕ್ಷ ಮ್ಯಾಡಿಸನ್ ವಿಷಾದ ಸೂಚಿಸುತ್ತಲೇ ಅದಕ್ಕೆ ಸಹಿ ಹಾಕಿದರು. ಯುದ್ಧ ಬಂದಾಗ ಅವನಿಗೆ ಮೇಜರ್ ಜನರಲ್ ಪದವಿ ಕೊಟ್ಟು ಮಾಂಟ್ರಿಯಲ್ ಗೆಲ್ಲಲು ಕಳಿಸಿದವರೂ ಅವರೇ. 1813ರ ನವೆಂಬರ್ 11ರಂದು ಕ್ರೈಸ್ಲರ್ಸ್ ಫಾರ್ಮಿನಲ್ಲಿ ಅವನ ಸೈನ್ಯದ ಒಂದು ಭಾಗ ತನಗಿಂತ ತೀರ ಚಿಕ್ಕ ಬ್ರಿಟಿಷ್ ಪಡೆಗೆ ಸೋಲುವಾಗ ಅವನು ದೋಣಿಯಲ್ಲಿ ಕಾಯಿಲೆ ಮಲಗಿದ್ದ. ಮರುವರ್ಷ ಇನ್ನೊಂದು ಸೋಲಾದ ಮೇಲೆ ಅಧಿಕಾರ ಹೋಯಿತು. 1815ರ ವಿಚಾರಣೆಯಲ್ಲೂ ಖುಲಾಸೆ. 1816ರಲ್ಲಿ ಮೂರು ಸಂಪುಟಗಳ ಆತ್ಮಕಥೆ ಬರೆದು ತನ್ನನ್ನು ತಾನೇ ಸಮರ್ಥಿಸಿಕೊಂಡ. ಟೆಕ್ಸಾಸಿನಲ್ಲಿ ಭೂಮಿ ಗಿಟ್ಟಿಸುವ ಆಸೆಯಿಂದ ಮೆಕ್ಸಿಕೋ ನಗರಕ್ಕೆ ಹೋಗಿ, 1825ರ ಡಿಸೆಂಬರ್ 28ರಂದು ಅಲ್ಲೇ ಸತ್ತು ಅಲ್ಲೇ ಮಣ್ಣಾದ.

ಸತ್ತು ಮೂವತ್ತು ವರ್ಷವೂ ಆಗುವ ಮೊದಲೇ, 1854ರಲ್ಲಿ, ಲೂಸಿಯಾನಾದ ಇತಿಹಾಸಕಾರ ಚಾರ್ಲ್ಸ್ ಗಯಾರೆ ಸ್ಪೇನಿನ ದಫ್ತರಗಳಿಂದ ತರಿಸಿದ ನಕಲುಗಳ ಆಧಾರದ ಮೇಲೆ ಮಿರೋ ಜೊತೆಗಿನ ಪತ್ರವ್ಯವಹಾರವನ್ನು ಬಯಲು ಮಾಡಿದರು. ಹವಾನಾದ ಕಟ್ಟುಗಳು 1880ರ ದಶಕದ ಕೊನೆಗೆ ಸ್ಪೇನಿನ ಸೆವಿಲ್ ನಗರದ ಇಂಡೀಸ್ ಪತ್ರಾಗಾರಕ್ಕೆ ಸೇರಿದವು. ಸಂಖ್ಯೆಗಳಲ್ಲಿ ಬರೆದ ಕಾಗದಗಳು, ಎಷ್ಟು ಡಾಲರು ಯಾರ ಕೈಯಲ್ಲಿ ಹೋಯಿತೆಂಬ ಲೆಕ್ಕ, 1787ರ ನಿಷ್ಠಾಪತ್ರ ಎಲ್ಲವೂ ಉಳಿದಿವೆ. ಹಣ ಕೊಟ್ಟವರು ರಸೀದಿ ಜೋಪಾನ ಮಾಡಿದ್ದರು. ಟೆರ್ ಓ ಬಫ್‌ನಲ್ಲಿ ಸತ್ತವರ ಬಗ್ಗೆ ಕಾದಂಬರಿ ಬರೆದವರು ಯಾರೂ ನನಗೆ ಸಿಕ್ಕಿಲ್ಲ. ಹೇಲ್‌ರ ಕಥೆ ನಿಮಗೆ ಗ್ರಂಥಾಲಯದಲ್ಲಿ ಸಿಕ್ಕರೆ ಖಂಡಿತ ಓದಿ. ಫೋರ್ಟ್ ಆಡಮ್ಸಿನ ವಿಚಾರಣೆಯ ಪುಟಕ್ಕೆ ಬಂದಾಗ, ಇತಿಹಾಸದಲ್ಲಿ ಆ ಕೋಟೆಯ ಪಹರೆಯವರಿಂದ ಸಲಾಮು ಪಡೆಯುತ್ತಿದ್ದ ಜನರಲ್ ಯಾರೆಂಬುದು ನೆನಪಿರಲಿ.